ಎನೋಲಾ ಗೇ ಪ್ರದರ್ಶನ: ಮಾಜಿ ಸೈನಿಕರು ಹೇಳಿದ್ದೊಂದು, ಕೇಳಿಸಿದ್ದೊಂದು

1993ರ ಜುಲೈ 21ರಂದು ವಾಷಿಂಗ್ಟನ್ನಿನ ನ್ಯಾಷನಲ್ ಏರ್ ಅಂಡ್ ಸ್ಪೇಸ್ ಮ್ಯೂಸಿಯಂನ ಕ್ಯೂರೇಟರ್ (ಪ್ರದರ್ಶನ ರೂಪಿಸುವವರು) ಟಾಮ್ ಕ್ರೌಚ್ ತಮ್ಮ ನಿರ್ದೇಶಕರಿಗೆ ಒಂದು ಟಿಪ್ಪಣಿ ಬರೆದರು. ಹಿರೋಷಿಮಾ ಮೇಲೆ ಅಣುಬಾಂಬ್ ಹಾಕಿದ ಎನೋಲಾ ಗೇ ವಿಮಾನದ ಪ್ರದರ್ಶನಕ್ಕೆ ಅಲ್ಲಿ ತಯಾರಿ ನಡೆದಿತ್ತು. ಅದರ ಸಾರ ಇಷ್ಟು: ಮಾಜಿ ಸೈನಿಕರಿಗೆ ಹಿತವಾಗುವ ಪ್ರದರ್ಶನ ನಿಮಗೆ ಬೇಕಾ, ಇಲ್ಲಾ ಜಪಾನಿನ ಮೇಲೆ ಅಣುಬಾಂಬ್ ಹಾಕಿದ್ದರಿಂದ ಏನಾಯಿತು ಅಂತ ಜನರನ್ನು ಯೋಚನೆಗೆ ಹಚ್ಚುವ ಪ್ರದರ್ಶನ ಬೇಕಾ? ನಿಜ ಹೇಳಬೇಕೆಂದರೆ ಎರಡನ್ನೂ ಒಟ್ಟಿಗೆ ಮಾಡಲು ಆಗುವುದಿಲ್ಲ.

ಒಂದೂವರೆ ವರ್ಷದ ನಂತರ, 1995ರ ಜನವರಿ 30ರಂದು, ಆ ಪ್ರದರ್ಶನ ರದ್ದಾಯಿತು. ರದ್ದು ಮಾಡಿದವರು ಮ್ಯೂಸಿಯಂನ ಮಾತೃಸಂಸ್ಥೆಯಾದ ಸ್ಮಿತ್ಸೋನಿಯನ್‌ನ ಕಾರ್ಯದರ್ಶಿ ಮೈಕೆಲ್ ಹೇಮನ್. ತಮ್ಮ ಶೌರ್ಯಕ್ಕೆ, ತ್ಯಾಗಕ್ಕೆ ದೇಶ ಗೌರವ ಕೊಡುತ್ತದೆ ಅಂತ ಮಾಜಿ ಸೈನಿಕರೂ ಅವರ ಮನೆಯವರೂ ಕಾದಿದ್ದರು, ವಿಶ್ಲೇಷಣೆ ಅವರಿಗೆ ಬೇಕಿರಲಿಲ್ಲ ಎಂದರು ಹೇಮನ್.

ಒಬ್ಬರು ಪ್ರದರ್ಶನ ಕಟ್ಟಲು ಹೊರಟವರು. ಇನ್ನೊಬ್ಬರು ಅದನ್ನು ನಿಲ್ಲಿಸಿದವರು. ಆದರೆ ಇಬ್ಬರ ಮನಸ್ಸಿನಲ್ಲಿದ್ದ ಮಾಜಿ ಸೈನಿಕ ಒಬ್ಬನೇ: ಹೊಗಳಿಕೆ ಬೇಕಾದವನು, ಯೋಚನೆ ಬೇಡದವನು. ಈ ಪ್ರಕರಣ ಕೆಟ್ಟದ್ದು ಅಲ್ಲಿಯೇ ಅನ್ನುವುದು ನನ್ನ ಅಭಿಪ್ರಾಯ. ಸೆನೆಟ್, ಪತ್ರಿಕೆಗಳು, ರಾಜೀನಾಮೆ ಎಲ್ಲ ಆಮೇಲೆ ಬಂದವು.

ವಿಮಾನ ಮತ್ತು ಅದನ್ನು ಉಳಿಸಿಕೊಂಡವರು

ಎನೋಲಾ ಗೇ ಒಂದು ಬಿ-29 ಬಾಂಬರ್. ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ 43 ಮೀಟರ್. ಪೈಲಟ್ ಪಾಲ್ ಟಿಬೆಟ್ಸ್ ತಮ್ಮ ತಾಯಿಯ ಹೆಸರನ್ನೇ ಅದಕ್ಕಿಟ್ಟು, ಮೂತಿಯ ಮೇಲೆ ಬರೆಸಿದರು. 1945ರ ಆಗಸ್ಟ್ 6ರ ಬೆಳಿಗ್ಗೆ 8 ಗಂಟೆ 15 ನಿಮಿಷಕ್ಕೆ ಅದು ಹಿರೋಷಿಮಾ ಮೇಲೆ ಬಾಂಬ್ ಹಾಕಿತು. ಆ ವರ್ಷ ಮುಗಿಯುವುದರೊಳಗೆ ಸತ್ತವರು ಸುಮಾರು 1,40,000.

ಯುದ್ಧ ಮುಗಿದ ಮೇಲೆ ವಿಮಾನ ಸ್ಮಿತ್ಸೋನಿಯನ್ ಕೈಗೆ ಬಂತು. ಆದರೆ ಇಡಲು ಜಾಗವಿರಲಿಲ್ಲ. 1950ರ ದಶಕದಲ್ಲಿ ವರ್ಷಗಟ್ಟಲೆ ಆಂಡ್ರ್ಯೂಸ್ ವಾಯುನೆಲೆಯ ಬಯಲಿನಲ್ಲಿ ಮಳೆಬಿಸಿಲಿಗೆ ನಿಂತಿತ್ತು. ಹಕ್ಕಿಗಳು ಗೂಡು ಕಟ್ಟಿದವು. ನೆನಪಿಗೆ ಅಂತ ಜನ ಬಿಡಿಭಾಗ ಕಿತ್ತುಕೊಂಡು ಹೋದರು. ಆಮೇಲೆ ಬಿಚ್ಚಿ, ಮೇರಿಲ್ಯಾಂಡಿನ ಸೂಟ್‌ಲ್ಯಾಂಡ್‌ನಲ್ಲಿದ್ದ ಉಗ್ರಾಣಕ್ಕೆ ಸಾಗಿಸಿದರು. ಅದನ್ನು ಸರಿಪಡಿಸಿ ಅಂತ ಬೆನ್ನುಬಿದ್ದವರು ಮುಖ್ಯವಾಗಿ ಆ ಕಾಲದಲ್ಲಿ ಬಿ-29 ಹಾರಿಸಿದ್ದವರು. ದುರಸ್ತಿ ಶುರುವಾದದ್ದು 1984ರ ಡಿಸೆಂಬರ್‌ನಲ್ಲಿ.

ಇದನ್ನು ಮರೆತರೆ ಮುಂದಿನದು ಅರ್ಥವಾಗುವುದಿಲ್ಲ. ಯಾರಿಗೂ ಬೇಡವಾಗಿದ್ದ ವಿಮಾನದ ಪರವಾಗಿ ಇವರು ಓಡಾಡಿದ್ದರು. ಅವರಿಗೆ ಅದು ತಮ್ಮದು. ಅದನ್ನು ಜನರ ಮುಂದೆ ನಿಲ್ಲಿಸುವ ಹೊತ್ತಿಗೆ ಮ್ಯೂಸಿಯಂ ತಮ್ಮನ್ನು ಕಟಕಟೆಗೆ ಹತ್ತಿಸುತ್ತಿದೆ ಅಂತ ಅನಿಸಿದರೆ ಸಿಟ್ಟು ಬಾರದೆ ಇರುತ್ತದೆಯೇ?

ಮ್ಯೂಸಿಯಂ ನಿರ್ದೇಶಕ ಮಾರ್ಟಿನ್ ಹಾರ್ವಿಟ್ ಖಗೋಳ ಭೌತವಿಜ್ಞಾನಿ. 1987ರಲ್ಲಿ ಅಲ್ಲಿಗೆ ಬಂದವರು. ಯುವಕನಾಗಿ ಸೇನೆಯಲ್ಲಿದ್ದಾಗ ಪೆಸಿಫಿಕ್ ದ್ವೀಪಗಳಲ್ಲಿ ನಡೆದ ಅಣ್ವಸ್ತ್ರ ಪರೀಕ್ಷೆಗಳನ್ನು ಹತ್ತಿರದಿಂದ ಕಂಡಿದ್ದರು. ಅವರಿಗೆ ಈ ಪ್ರದರ್ಶನ ಬೇಕಿತ್ತು, ಪ್ರಾಮಾಣಿಕವಾಗಿಯೇ ಬೇಕಿತ್ತು. ಯುದ್ಧವನ್ನು ಸಡಗರ ಮಾಡಿ ತೋರಿಸುವುದರ ಬಗ್ಗೆ ಅವರಿಗಿದ್ದ ಅಳುಕಿಗೂ ಕಾರಣವಿತ್ತು. 1976ರಲ್ಲಿ ಟೆಕ್ಸಸ್‌ನ ಹಾರ್ಲಿಂಜೆನ್‌ನಲ್ಲಿ ಒಂದು ವಿಮಾನ ಮೇಳ ನಡೆದಿತ್ತು. ಟಿಬೆಟ್ಸ್ ಬಿ-29 ಹಾರಿಸಿದರು, ಕೆಳಗೆ ಅಣಬೆ ಮೋಡದ ಹಾಗೆ ಹೊಗೆ ಎಬ್ಬಿಸಿದರು, ಜನ ನೋಡಿದರು. ಹಿರೋಷಿಮಾವನ್ನು ಆಟ ಮಾಡಿ ತೋರಿಸಿದ್ದಕ್ಕೆ ಅಮೆರಿಕ ಸರ್ಕಾರ ಜಪಾನಿನ ಕ್ಷಮೆ ಕೇಳಬೇಕಾಯಿತು. ಇಂಥದ್ದನ್ನು ಕಂಡ ಮೇಲೆ ಒಬ್ಬ ಮ್ಯೂಸಿಯಂ ನಿರ್ದೇಶಕನಿಗೆ ಎಚ್ಚರ ಬರುವುದು ಸಹಜ, ಅಲ್ವಾ?

ಸ್ಕ್ರಿಪ್ಟ್‌ನಲ್ಲಿ ಏನಿತ್ತು

ಪ್ರದರ್ಶನದಲ್ಲಿ ಏನು ಬರೆಯಬೇಕು, ಏನು ತೋರಿಸಬೇಕು ಅನ್ನುವ ಕರಡೇ ಸ್ಕ್ರಿಪ್ಟ್. ಮೊದಲನೆಯದು ಸಿದ್ಧವಾದದ್ದು 1994ರ ಜನವರಿಯಲ್ಲಿ. ಬರೆದವರಲ್ಲಿ ಮುಖ್ಯರು ಟಾಮ್ ಕ್ರೌಚ್ ಮತ್ತು ಮೈಕೆಲ್ ನ್ಯೂಫೆಲ್ಡ್. ಐದು ಭಾಗ. ಯುದ್ಧದ ಕೊನೆಯ ತಿಂಗಳುಗಳು, ಬಾಂಬ್ ಹಾಕುವ ತೀರ್ಮಾನ, ವಿಮಾನ ಮತ್ತು ಅದರ ಸಿಬ್ಬಂದಿ, ಹಿರೋಷಿಮಾ ಮತ್ತು ನಾಗಸಾಕಿಯ ನೆಲದ ಮೇಲೆ ಆದದ್ದು, ಕೊನೆಗೆ ಅಣ್ವಸ್ತ್ರ ಪೈಪೋಟಿ. ನಾಲ್ಕನೆಯ ಭಾಗವೇ ನೋಡುವವರ ಮನಸ್ಸು ಕಲಕಬೇಕಾದ ಜಾಗ ಅಂತ ಯೋಜನೆಯಲ್ಲೇ ಬರೆದುಕೊಂಡಿದ್ದರು.

ಅದರಲ್ಲಿ ಎರಡು ವಾಕ್ಯ ಊರೆಲ್ಲ ಸುತ್ತಿದವು. ಹೆಚ್ಚಿನ ಅಮೆರಿಕನ್ನರಿಗೆ ಇದು ಸೇಡಿನ ಯುದ್ಧವಾಗಿತ್ತು. ಹೆಚ್ಚಿನ ಜಪಾನಿಯರಿಗೆ ಪಾಶ್ಚಾತ್ಯ ಸಾಮ್ರಾಜ್ಯಶಾಹಿಯಿಂದ ತಮ್ಮ ವಿಶಿಷ್ಟ ಸಂಸ್ಕೃತಿಯನ್ನು ಉಳಿಸಿಕೊಳ್ಳುವ ಯುದ್ಧವಾಗಿತ್ತು.

ಇದಕ್ಕಿಂತ ಸ್ವಲ್ಪ ಮೊದಲೇ ಅದೇ ಸ್ಕ್ರಿಪ್ಟ್ ಜಪಾನಿನ ಆಕ್ರಮಣವನ್ನೂ ಕ್ರೌರ್ಯವನ್ನೂ ಚೀನಾದಲ್ಲಿ ನಡೆದ 1937ರ ನಾನ್‌ಜಿಂಗ್ ಹತ್ಯಾಕಾಂಡವನ್ನೂ ನೇರವಾಗಿ ಹೇಳಿತ್ತು. ಟೀಕಿಸಿದವರು ಅದನ್ನು ಬಿಟ್ಟು ಈ ಎರಡು ವಾಕ್ಯವನ್ನಷ್ಟೇ ಎತ್ತಿ ಹಿಡಿದರು. ಅದು ಅನ್ಯಾಯ. ಆದರೆ ವಾಕ್ಯಗಳೇ ಸರಿಯಿರಲಿಲ್ಲ ಅನ್ನುವುದೂ ನಿಜ. ಜಪಾನಿನ ಓಕಿನಾವಾದಲ್ಲಿ ಗುಂಡಿಯೊಳಗೆ ಕೂತಿದ್ದ ಅಮೆರಿಕನ್ ಹುಡುಗ ಸೇಡಿಗಾಗಿ ಕೂತಿರಲಿಲ್ಲ. ಅಲ್ಲಿಗೆ ಕಳಿಸಿದ್ದರು, ಕೂತಿದ್ದ. ಆ ಒಂದೇ ದ್ವೀಪದಲ್ಲಿ 12,000ಕ್ಕೂ ಜಾಸ್ತಿ ಅಮೆರಿಕನ್ನರು ಸತ್ತರು. ಓಕಿನಾವಾದ ಸಾಮಾನ್ಯ ಜನ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಸತ್ತರು. ಅದನ್ನು ಕಣ್ಣಾರೆ ಕಂಡವರಿಗೆ ನಿನ್ನದು ಸೇಡು ಅಂತ ಗೋಡೆಯ ಮೇಲೆ ಬರೆದು ತೋರಿಸುವುದು ಮಾತು ಮುಗಿಸುವ ದಾರಿಯೇ ಹೊರತು ಶುರುಮಾಡುವ ದಾರಿಯಲ್ಲ.

ಪ್ರದರ್ಶನಕ್ಕೆ ತರಬೇಕು ಅಂದುಕೊಂಡಿದ್ದ ವಸ್ತುಗಳಲ್ಲಿ ಒಂದು ಊಟದ ಡಬ್ಬಿ. ಹಿರೋಷಿಮಾದ ಒಬ್ಬ ಶಾಲಾ ಹುಡುಗಿಯದು. ಒಳಗಿದ್ದ ಅನ್ನ, ಬಟಾಣಿ ಕರಕಲಾಗಿ ಡಬ್ಬಿಗೇ ಅಂಟಿಕೊಂಡಿವೆ. ಯಾರೋ ಆ ಬೆಳಿಗ್ಗೆ ತುಂಬಿ ಕಳಿಸಿದ ಊಟ. ತಿನ್ನುವ ಹೊತ್ತು ಬರಲೇ ಇಲ್ಲ.

ವಾಯುಪಡೆಯ ಪರವಾಗಿ ನಿಲ್ಲುವ ಸಂಘಟನೆಯಾದ ಏರ್ ಫೋರ್ಸ್ ಅಸೋಸಿಯೇಷನ್ನಿನ ಪತ್ರಿಕೆಯ ಸಂಪಾದಕ ಜಾನ್ ಕೊರೆಲ್ 1994ರ ಏಪ್ರಿಲ್ ಸಂಚಿಕೆಯಲ್ಲಿ ಸ್ಕ್ರಿಪ್ಟನ್ನು ಬಿಡಿಸಿಟ್ಟರು. ಸತ್ತ, ಗಾಯಗೊಂಡ ಜಪಾನಿಯರ ಚಿತ್ರ 49, ಅಮೆರಿಕನ್ನರದು 3 ಅಂತ ಎಣಿಸಿ ತೋರಿಸಿದರು. ಡಬ್ಬಿಯ ಬಗ್ಗೆಯೂ ತಕರಾರು ಬಂತು. ಅದರ ಮುಂದೆ ನಿಂತವರಿಗೆ ಬೇರೆ ಯಾವ ಹಿನ್ನೆಲೆಯೂ ನೆನಪಿನಲ್ಲಿ ಉಳಿಯುವುದಿಲ್ಲ ಅನ್ನುವುದು ವಾದ.

ಡಬ್ಬಿ ಇರಲೇಬೇಕಿತ್ತು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಬಾಂಬ್ ಹಾಕಿದ ವಿಮಾನ ತೋರಿಸಿ ಬಾಂಬ್ ಬಿದ್ದ ಜಾಗ ತೋರಿಸದಿದ್ದರೆ ಅದು ಅರ್ಧ ಸುಳ್ಳು. ಆದರೆ ಡಬ್ಬಿಯಷ್ಟೇ ಹತ್ತಿರದಿಂದ ಕಾಣುವಂಥ ಸೈನಿಕನ ವಸ್ತುವೂ ಒಂದು ಬೇಕಿತ್ತು. ದಾಳಿಗೆ ಮುಂಚೆ ಮನೆಗೆ ಬರೆದ ಒಂದು ಕಾಗದವಾದರೂ ಸಾಕಿತ್ತು. ಹಾರ್ವಿಟ್‌ಗೂ ಇದು ಹೊಳೆದಿತ್ತು. ತಾನು ಮೊದಲು ಓದಿದಾಗ ವಿವರ ಸರಿಯಿದೆಯೇ ಅಂತ ನೋಡಿದೆ, ಸಮತೋಲ ಇದೆಯೇ ಅಂತ ಅಷ್ಟಾಗಿ ನೋಡಲಿಲ್ಲ, ಟೀಕೆಯಲ್ಲಿ ಬಹಳಷ್ಟು ಅರ್ಥವಾಗುವಂಥದ್ದೇ ಅಂತ 1994ರ ಏಪ್ರಿಲ್‌ನಲ್ಲಿ ತಮ್ಮ ಸಿಬ್ಬಂದಿಗೇ ಬರೆದರು. ಇಷ್ಟು ನೇರವಾಗಿ ಒಪ್ಪಿಕೊಳ್ಳುವ ಅಧಿಕಾರಿಗಳು ಕಡಿಮೆ. ಅಷ್ಟರಲ್ಲಿ ತಡವಾಗಿತ್ತು.

"ಬಾಂಬ್ ನನ್ನ ಜೀವ ಉಳಿಸಿತು"

ಆ ಎರಡು ವರ್ಷ ಪೆಸಿಫಿಕ್ ಯುದ್ಧ ಕಂಡ ಮಾಜಿ ಸೈನಿಕರ ಬಾಯಲ್ಲಿ ಮತ್ತೆ ಮತ್ತೆ ಬಂದ ಮಾತು ಇದು. ಇದೇ ಮಾತು ಕೇಳಿದ ಎಷ್ಟೋ ಜನರಿಗೆ ಮೈ ಜುಮ್ಮೆಂದಿತು. ಲಕ್ಷಗಟ್ಟಲೆ ಜನರ ಸಾವನ್ನು ಹೀಗೆ ಲೆಕ್ಕ ಹಾಕುತ್ತಾರಲ್ಲ ಅನ್ನುವ ಸಂಕಟ.

ಆ ಮಾತಿನೊಳಗೆ ಎರಡು ಬೇರೆ ಬೇರೆ ಸಂಗತಿಗಳಿವೆ. ಒಂದು, ನಾನು ಸಾಯುತ್ತೇನೆ ಅಂತ ಗಟ್ಟಿಯಾಗಿ ನಂಬಿದ್ದೆ, ಆ ದಿನ ಆ ನಂಬಿಕೆ ಹೋಯಿತು, ಬದುಕಿದೆ. ಇದು ಅನುಭವ. ಇದರ ಜೊತೆ ಯಾರೂ ವಾದಿಸಲು ಆಗುವುದಿಲ್ಲ. ಇನ್ನೊಂದು, ಬಾಂಬ್ ಇಲ್ಲದಿದ್ದರೆ ಜಪಾನ್ ಶರಣಾಗುತ್ತಲೇ ಇರಲಿಲ್ಲ. ಇದು ಇತಿಹಾಸದ ಪ್ರಶ್ನೆ. ಇದರ ಬಗ್ಗೆ ವಾದಿಸಬಹುದು, ವಾದಿಸಬೇಕು. ಆಗಸ್ಟ್ 8ರಂದು ಸೋವಿಯತ್ ಒಕ್ಕೂಟ ಯುದ್ಧ ಸಾರಿದ್ದು, ಸಮುದ್ರದ ದಿಗ್ಬಂಧನ, ಚಕ್ರವರ್ತಿಯನ್ನು ಉಳಿಸುವ ಷರತ್ತು, ಇವೆಲ್ಲ ಆ ವಾದದಲ್ಲಿ ಬರುತ್ತವೆ. ಮಾಜಿ ಸೈನಿಕರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ಇತಿಹಾಸಕಾರರು ಎರಡನೆಯದಕ್ಕೆ ಉತ್ತರ ಕೊಟ್ಟರು. ಮೊದಲನೆಯದಕ್ಕೇ ಉತ್ತರ ಕೊಟ್ಟ ಹಾಗೆ ಅದು ಆ ಕಡೆ ಕೇಳಿಸಿತು: ನೀನು ಸಾಯುತ್ತಿರಲಿಲ್ಲ ಬಿಡು, ಸುಮ್ನೆ ಹೆದರಿದ್ದೆ.

ಪಾಲ್ ಫಸೆಲ್ ಅವರನ್ನೇ ತೆಗೆದುಕೊಳ್ಳಿ. 1945ರ ಆಗಸ್ಟ್‌ನಲ್ಲಿ ಅವರಿಗೆ 21 ವರ್ಷ. ಕಾಲಾಳು ಪಡೆಯ ಸೆಕೆಂಡ್ ಲೆಫ್ಟಿನೆಂಟ್. ಫ್ರಾನ್ಸ್‌ನಲ್ಲಿ ಕಾಲಿಗೂ ಬೆನ್ನಿಗೂ ಗಾಯವಾಗಿತ್ತು. ಆದರೂ ಜಪಾನಿನ ಮೇಲಿನ ದಾಳಿಗೆ ಇವನು ಸಾಕು ಅಂತ ಸೇನೆ ತೀರ್ಮಾನಿಸಿತ್ತು. ದಾಳಿ ಇಲ್ಲ ಅಂತ ಗೊತ್ತಾದ ದಿನ, ಅಲ್ಲಿಯವರೆಗೆ ಗಂಡಸುತನದ ಮುಖವಾಡ ಹಾಕಿಕೊಂಡಿದ್ದವರೆಲ್ಲ ಅತ್ತುಬಿಟ್ಟೆವು ಎಂದು ಅವರು 1981ರಲ್ಲಿ ಬರೆದರು. ನಾವು ಬದುಕುತ್ತೇವೆ, ದೊಡ್ಡವರಾಗುತ್ತೇವೆ ಅನ್ನುವ ಅಳು ಅದು. ಇದೇ ಫಸೆಲ್ ಸಾಹಿತ್ಯದ ಪ್ರಾಧ್ಯಾಪಕರಾಗಿ, ಯುದ್ಧಕ್ಕೆ ಬಣ್ಣ ಬಳಿಯುವುದನ್ನು ಜೀವಮಾನವಿಡೀ ವಿರೋಧಿಸಿದವರು. ಬಾಂಬ್ ಬಿದ್ದದ್ದಕ್ಕೆ ಬದುಕಿದೆ ಅಂದ ಮನುಷ್ಯನೇ ಯುದ್ಧದ ವೈಭವೀಕರಣವನ್ನು ಎಲ್ಲರಿಗಿಂತ ಜೋರಾಗಿ ಬಯ್ದ. ಕ್ರೌಚ್ ಅವರ ಎರಡೇ ಆಯ್ಕೆಯ ಪ್ರಶ್ನೆಯಲ್ಲಿ ಈ ಮನುಷ್ಯನಿಗೆ ಜಾಗವೆಲ್ಲಿದೆ?

ಅಷ್ಟೇಕೆ, ಎನೋಲಾ ಗೇ ವಿಮಾನದೊಳಗೇ ಒಂದೇ ದನಿ ಇರಲಿಲ್ಲ. ಟಿಬೆಟ್ಸ್ ತಮಗೆ ಒಂದು ರಾತ್ರಿಯೂ ನಿದ್ದೆ ಕೆಟ್ಟಿಲ್ಲ ಅಂತ ಕೊನೆಯವರೆಗೂ ಹೇಳಿದರು. ಪಕ್ಕದ ಸೀಟಿನಲ್ಲಿದ್ದ ಸಹ-ಪೈಲಟ್ ರಾಬರ್ಟ್ ಲೂಯಿಸ್ ಬರೆದ ಲಾಗ್‌ನಲ್ಲಿ "ದೇವರೇ, ನಾವೇನು ಮಾಡಿಬಿಟ್ಟೆವು" ಎಂಬ ಮಾತಿದೆ. ಆಗಿನ ಅಮೆರಿಕ ಅಧ್ಯಕ್ಷ ಟ್ರೂಮನ್ ಅವರ ಹತ್ತಿರದ ಸೇನಾ ಸಲಹೆಗಾರ ಅಡ್ಮಿರಲ್ ವಿಲಿಯಂ ಲೇಹಿ 1950ರಲ್ಲಿ ಈ ಅಸ್ತ್ರವನ್ನು ಅನಾಗರಿಕ ಎಂದು ಬರೆದರು. ಇವರೂ ಸೈನಿಕರೇ. 1994ರಲ್ಲಿ "ಮಾಜಿ ಸೈನಿಕರಿಗೆ ನೋವಾಗಿದೆ" ಅಂತ ಹೇಳುವವರು ಜಾಸ್ತಿಯಾದಷ್ಟೂ ಈ ಬೇರೆ ಬೇರೆ ದನಿಗಳು ಕೇಳಿಸದೆ ಹೋದವು.

ಟಿಬೆಟ್ಸ್ ಆ ಜೂನ್‌ನಲ್ಲಿ ಸ್ಕ್ರಿಪ್ಟನ್ನು ಅವಮಾನಗಳ ಕಟ್ಟು ಎಂದು ಕರೆದರು. ಅವರ ಸಿಟ್ಟನ್ನು ನಾನು ಲಘುವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಅವರು ಬೇಡಿದ್ದೇನು? ವಿಮಾನವನ್ನು ಮಾತ್ರ ಇಡಿ, ವ್ಯಾಖ್ಯಾನ ಬೇಡ. ಅದು ಮೌನದ ಬೇಡಿಕೆ. ಬಹಳ ಜನ ಯೋಧರು ಮಾತಿಗಿಂತ ಇದನ್ನೇ ಬಯಸುತ್ತಾರೆ. ಅದಕ್ಕೂ ವೈಭವೀಕರಣಕ್ಕೂ ವ್ಯತ್ಯಾಸವಿದೆ.

ಒಂದು ಸಂಖ್ಯೆಯ ಮೇಲೆ ಮುರಿದುಬಿದ್ದದ್ದು

1994ರ ಸೆಪ್ಟೆಂಬರ್‌ನಲ್ಲಿ ಸೆನೆಟ್ ಸರ್ವಾನುಮತದಿಂದ ಒಂದು ನಿರ್ಣಯ ಪಾಸು ಮಾಡಿತು. ಸ್ಕ್ರಿಪ್ಟ್ ಇತಿಹಾಸ ತಿರುಚುತ್ತದೆ, ಮಾಜಿ ಸೈನಿಕರಿಗೆ ಅವಮಾನ ಮಾಡುತ್ತದೆ ಅಂತ. ಮ್ಯೂಸಿಯಂ ಹೆದರಿ, ಮಾಜಿ ಸೈನಿಕರ ದೊಡ್ಡ ಸಂಘಟನೆಯಾದ ಅಮೆರಿಕನ್ ಲೀಜನ್ ಜೊತೆ ಕೂತು ಸಾಲುಸಾಲಾಗಿ ಸ್ಕ್ರಿಪ್ಟ್ ತಿದ್ದಿತು. ಪೆಸಿಫಿಕ್ ಯುದ್ಧದ ಬಗ್ಗೆ ಹೊಸ ಭಾಗ ಸೇರಿತು. ಹಿರೋಷಿಮಾದ ಚಿತ್ರಗಳು ಕಡಿಮೆಯಾದವು. ಆಗ ಇತಿಹಾಸಕಾರರು ಎದ್ದರು: ಸಂಘಟನೆಗಳು ಬರೆಸಿದ್ದನ್ನು ಬರೆಯುವುದಾದರೆ ಮ್ಯೂಸಿಯಂ ಯಾಕೆ? ಆ ಪ್ರಶ್ನೆಯೂ ನ್ಯಾಯವಾದದ್ದೇ.

ಕೊನೆಗೆ ಎಲ್ಲ ಮುರಿದದ್ದು ಜಪಾನಿನ ಮೇಲೆ ದಾಳಿ ನಡೆದಿದ್ದರೆ ಎಷ್ಟು ಅಮೆರಿಕನ್ನರು ಸಾಯುತ್ತಿದ್ದರು, ಗಾಯಗೊಳ್ಳುತ್ತಿದ್ದರು ಎಂಬ ಸಂಖ್ಯೆಯ ಮೇಲೆ. ದಾಳಿ 1945ರ ನವೆಂಬರ್ 1ರಂದು ಕ್ಯೂಷು ದ್ವೀಪದಿಂದ ಶುರುವಾಗಬೇಕಿತ್ತು. ಯುದ್ಧದ ನಂತರ ಆ ಸಂಖ್ಯೆ ಬೆಳೆಯುತ್ತಲೇ ಹೋಗಿತ್ತು. ಯುದ್ಧಮಂತ್ರಿಯಾಗಿದ್ದ ಸ್ಟಿಮ್ಸನ್ 1947ರಲ್ಲಿ ಸತ್ತವರು, ಗಾಯಾಳುಗಳು ಸೇರಿ ಹತ್ತು ಲಕ್ಷ ಮೀರಬಹುದಿತ್ತು ಎಂದು ಬರೆದರು. ಟ್ರೂಮನ್ 1955ರಲ್ಲಿ ಐದು ಲಕ್ಷ ಪ್ರಾಣ ಎಂದರು. ಲೀಜನ್ ಜೊತೆ ಒಪ್ಪಿಕೊಂಡಿದ್ದ ಬರಹದಲ್ಲಿ ಎರಡು ಲಕ್ಷಕ್ಕೂ ಮೀರಿದ ಅಂದಾಜು ಇತ್ತು. 1995ರ ಜನವರಿಯಲ್ಲಿ ಹಾರ್ವಿಟ್ ಅದನ್ನು 63,000ಕ್ಕೆ ಇಳಿಸುತ್ತೇವೆ ಅಂತ ಲೀಜನ್‌ಗೆ ತಿಳಿಸಿದರು. ಇತಿಹಾಸಕಾರ ಬಾರ್ಟನ್ ಬರ್ನ್‌ಸ್ಟೈನ್ ಅವರು ಲೇಹಿಯ ದಿನಚರಿ ಓದಿ ಹೇಳಿದ ಸಂಖ್ಯೆ ಅದು. 1945ರ ಜೂನ್ 18ರಂದು ಶ್ವೇತಭವನದಲ್ಲಿ ನಡೆದ ಸಭೆಯ ಬಗ್ಗೆ ಲೇಹಿ ಬರೆದಿದ್ದ ದಿನಚರಿ.

ವಿದ್ವಾಂಸರ ಕೋಣೆಯಲ್ಲಿ ಇದು ಒಂದು ತಿದ್ದುಪಡಿ. ದಾಳಿಯ ಹಡಗು ಹತ್ತಬೇಕಾಗಿದ್ದವನಿಗೆ ಬೇರೆಯೇ. ಆ ಸಂಖ್ಯೆಯಲ್ಲಿ ಅವನ ತಲೆಯೂ ಒಂದು. ಸಂಖ್ಯೆ ಇಳಿಸಿದರೆ ಅವನ ಹೆದರಿಕೆಯ ಬೆಲೆ ಇಳಿಸಿದ ಹಾಗೆ. ಹಾಗೆ ಅನಿಸಬಾರದು ಅಂತ ವಾದಿಸಬಹುದು, ಆದರೆ ಅನಿಸುತ್ತದೆ. ಇನ್ನೊಂದು ಕಡೆಯಿಂದಲೂ ನೋಡಿ: ಸಂಖ್ಯೆ 63,000 ಇರಲಿ, ಹತ್ತು ಲಕ್ಷ ಇರಲಿ, 1,40,000 ಜನರ ಸಾವು ಅದರಿಂದ ಹಗುರವಾಗುವುದಿಲ್ಲ. ಎರಡೂ ಕಡೆಯವರು ಒಂದು ಸಂಖ್ಯೆಯಿಂದ ನೈತಿಕ ಪ್ರಶ್ನೆ ಬಗೆಹರಿಯುತ್ತದೆ ಅಂದುಕೊಂಡು ಜಗಳಕ್ಕೆ ನಿಂತರು.

ಜನವರಿ 19ರಂದು ಲೀಜನ್ ಪ್ರದರ್ಶನ ರದ್ದಾಗಬೇಕು ಎಂದಿತು. 24ರಂದು ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನ 81 ಸದಸ್ಯರು ಹಾರ್ವಿಟ್ ಹೋಗಬೇಕು ಎಂದರು. 30ರಂದು ಹೇಮನ್ ರದ್ದು ಮಾಡಿದರು. ಮೇ 2ರಂದು ಹಾರ್ವಿಟ್ ರಾಜೀನಾಮೆ ಕೊಟ್ಟರು.

ಉಳಿದದ್ದು ಲೋಹ

1995ರ ಜೂನ್ 28ರಂದು ಬೇರೊಂದು ಪ್ರದರ್ಶನ ತೆರೆಯಿತು. ವಿಮಾನದ ಮುಂಭಾಗ, ದುರಸ್ತಿಯ ವಿವರ, ಸಿಬ್ಬಂದಿಯ ಮಾತಿರುವ ಒಂದು ವೀಡಿಯೊ. ಕೆಲವೇ ದಿನಗಳಲ್ಲಿ ಪ್ರತಿಭಟನಾಕಾರರು ವಿಮಾನದ ಮೇಲೆ ರಕ್ತ, ಬೂದಿ ಸುರಿದರು. 1998ರ ಮೇ ತಿಂಗಳಲ್ಲಿ ಮುಚ್ಚುವಷ್ಟರಲ್ಲಿ ಸುಮಾರು 40 ಲಕ್ಷ ಜನ ನೋಡಿದ್ದರು. ಜಪಾನಿನಿಂದ ಬರಬೇಕಿದ್ದ ವಸ್ತುಗಳಲ್ಲಿ ಕೆಲವು ಅದೇ ಜುಲೈನಲ್ಲಿ, ಅದೇ ಊರಿನ ಅಮೆರಿಕನ್ ಯೂನಿವರ್ಸಿಟಿಯಲ್ಲಿ ಬೇರೆಯಾಗಿ ಪ್ರದರ್ಶನಕ್ಕೆ ಬಂದವು. ಒಂದೇ ಘಟನೆಯ ಎರಡು ಅರ್ಧಗಳು ಒಂದೇ ಊರಿನ ಎರಡು ಕಟ್ಟಡಗಳಲ್ಲಿ. ಒಂದನ್ನು ನೋಡಿದವರು ಇನ್ನೊಂದನ್ನು ನೋಡಲೇಬೇಕು ಅಂತೇನೂ ಇರಲಿಲ್ಲ.

2003ರ ಡಿಸೆಂಬರ್‌ನಲ್ಲಿ ವಾಷಿಂಗ್ಟನ್ ಹತ್ತಿರದ ಉದ್ವಾರ್-ಹಾಜಿ ಕೇಂದ್ರ ತೆರೆದಾಗ ಇಡೀ ವಿಮಾನವನ್ನು ಅಲ್ಲಿ ನಿಲ್ಲಿಸಿದರು. ಫಲಕದಲ್ಲಿ ಬಿ-29ರ ತಾಂತ್ರಿಕ ವಿವರ ಇತ್ತು, ಹಿರೋಷಿಮಾ ಮೇಲೆ ಮೊದಲ ಅಣ್ವಸ್ತ್ರ ಹಾಕಿದ ವಿಮಾನ ಇದು ಅನ್ನುವ ಒಂದು ವಾಕ್ಯ ಇತ್ತು. ಎಷ್ಟು ಜನ ಸತ್ತರು ಅಂತ ಇರಲಿಲ್ಲ. ಬಾಂಬಿನಿಂದ ಬದುಕುಳಿದ ಜಪಾನಿಯರು ಬಂದು ಪ್ರತಿಭಟಿಸಿದರು. ಕೆಂಪು ಬಣ್ಣ ತುಂಬಿದ ಬಾಟಲಿಯೊಂದು ವಿಮಾನಕ್ಕೆ ಬಡಿಯಿತು.

ಹೀಗೆ ಗೆದ್ದವರು ಯಾರು? ಮಾಜಿ ಸೈನಿಕರು ಅಂತ ಹೇಳುವುದು ವಾಡಿಕೆ. ನನಗೆ ಹಾಗೆ ಕಾಣುವುದಿಲ್ಲ. ಸತ್ತವರ ಲೆಕ್ಕ ಫಲಕದಲ್ಲಿ ಇರಲಿಲ್ಲ, ದಾಳಿಯ ಹಡಗಿಗೆ ಕಾದಿದ್ದ ಹುಡುಗರ ಭಯವೂ ಇರಲಿಲ್ಲ. ಟಿಬೆಟ್ಸ್ 2007ರ ನವೆಂಬರ್ 1ರಂದು ತೀರಿಕೊಂಡಾಗ ಅಂತ್ಯಕ್ರಿಯೆಯ ಸಭೆ ಬೇಡ, ಸಮಾಧಿ ಕಲ್ಲೂ ಬೇಡ ಅಂತ ಹೇಳಿ ಹೋಗಿದ್ದರು. ಅದು ಪ್ರತಿಭಟನೆಯ ಜಾಗವಾಗುತ್ತದೆ ಅನ್ನುವ ಚಿಂತೆ. ಗೆದ್ದವರ ಕೊನೆಯ ಮಾತು ಹೀಗಿರುವುದಿಲ್ಲ.

ನನ್ನ ಕೇಳಿದರೆ ಕೆಲಸದ ಕ್ರಮವೇ ತಿರುಗಬೇಕಿತ್ತು. 1993ರಲ್ಲಿ ಸ್ಕ್ರಿಪ್ಟ್ ಬರೆಯುವ ಮೊದಲು ಕ್ಯೂರೇಟರ್‌ಗಳು ರೆಕಾರ್ಡರ್ ಹಿಡಿದು ಕೂರಬೇಕಿತ್ತು: ಟಿಬೆಟ್ಸ್ ಥರದವರ ಜೊತೆ, ಫಸೆಲ್ ಥರದವರ ಜೊತೆ, ಹಿರೋಷಿಮಾದಿಂದ ಬದುಕಿ ಬಂದವರ ಜೊತೆ. ಬಾಂಬ್ ಸರಿಯೋ ತಪ್ಪೋ ಅಂತ ಕೇಳುವ ಬದಲು, ಆ ವಾರ ನೀವು ಎಲ್ಲಿದ್ದಿರಿ, ಏನು ಕಂಡಿರಿ, ಆಮೇಲೆ ಯಾರಿಗೆ ಹೇಳಿದಿರಿ ಅಂತ ಕೇಳಬೇಕಿತ್ತು. ತೀರ್ಪು ಕೇಳಿದರೆ ಎಂಥವರೂ ತಮ್ಮನ್ನು ಸಮರ್ಥಿಸಿಕೊಳ್ಳುತ್ತಾರೆ. ಕಂಡದ್ದನ್ನು ಕೇಳಿದರೆ ಹೇಳುತ್ತಾರೆ. ಆ ಮಾತುಗಳನ್ನು ಡಬ್ಬಿಯ ಪಕ್ಕದಲ್ಲೇ ಕೇಳಿಸಿ, ಅಂದಾಜು ಸಂಖ್ಯೆಗಳನ್ನು ಯಾರು ಯಾವಾಗ ಯಾವ ಕಾರಣಕ್ಕೆ ಹೇಳಿದರು ಅನ್ನುವುದರ ಸಮೇತ ಎಲ್ಲವನ್ನೂ ಗೋಡೆಗೆ ಹಾಕಬಹುದಿತ್ತು.

2000ದಲ್ಲಿ ಅಮೆರಿಕದ ಕಾಂಗ್ರೆಸ್ ಒಂದು ಕಾನೂನು ತಂದು, ಮಾಜಿ ಸೈನಿಕರ ಮಾತುಗಳನ್ನು ಅವರ ದನಿಯಲ್ಲೇ ದಾಖಲಿಸುವ ಕೆಲಸವನ್ನು ಲೈಬ್ರರಿ ಆಫ್ ಕಾಂಗ್ರೆಸ್‌ಗೆ ವಹಿಸಿತು. ವೆಟರನ್ಸ್ ಹಿಸ್ಟರಿ ಪ್ರಾಜೆಕ್ಟ್ ಅಂತ ಅದರ ಹೆಸರು. ಎನೋಲಾ ಗೇಯ ಸಿಬ್ಬಂದಿಯಲ್ಲಿ ಕೊನೆಯವರಾಗಿ ಉಳಿದಿದ್ದ ನ್ಯಾವಿಗೇಟರ್ ಥಿಯೋಡರ್ ವ್ಯಾನ್ ಕರ್ಕ್ 2014ರಲ್ಲಿ ತೀರಿಕೊಂಡರು. ಈಗ ಇಂಥ ಪ್ರದರ್ಶನಕ್ಕೆ ಕೈಹಾಕುವವರು ಆ ಸಿಬ್ಬಂದಿಯ ಎದುರು ಕೂತು ಕೇಳುವಂತಿಲ್ಲ. ಆ ದಾಖಲೆಗಳಿಂದ ಶುರುಮಾಡಬೇಕು, ಸ್ಕ್ರಿಪ್ಟಿನಿಂದಲ್ಲ.